ರಾಹುಕಾಲ ದಾಟಿದ ಕಾರ್ಡು

ಶುಕ್ರವಾರದ ರಾಹುಕಾಲವನ್ನು ಹದಿನೆಂಟು ನಿಮಿಷ ಮುಂಚೆಯೇ ಮುಗಿಸಿಬಿಟ್ಟ ಕೀರ್ತಿ ಈ ಭೂಮಿಯ ಮೇಲೆ ಯಾರಿಗಾದರೂ ಸಲ್ಲಬೇಕಾದರೆ ಅದು ಮರಡಿಪುರ ಟೆಲಿಫೋನ್ ಎಕ್ಸ್‌ಚೇಂಜಿನ ಟೆಕ್ನಿಷಿಯನ್ ತಿಪ್ಪೇಸ್ವಾಮಿಗೇ ಸಲ್ಲಬೇಕು. ಪಂಚಾಂಗ ಬರೆಯುವವರಿಗೆ ಈ ವಿಷಯ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದು ಮಲ್ಟಿಪ್ಲೆಕ್ಸರ್ ಕಾರ್ಡಿಗೆ ಮಾತ್ರ. ಅದು ಪಾಪ, ಹೇಳಿದ್ದನ್ನು ಪೂರ್ತಿ ನಂಬಿಬಿಟ್ಟಿತು.

ಇದು ಮೊಬೈಲ್ ಎಂಬುದು ನಮ್ಮ ಕಡೆಗೆ ಇನ್ನೂ ಕಾಲಿಡದಿದ್ದ ಕಾಲದ ಮಾತು. ಮರಡಿಪುರದಲ್ಲಿ ಮುನ್ನೂರು ಟೆಲಿಫೋನುಗಳಿದ್ದವು, ಬಸ್ ಸ್ಟ್ಯಾಂಡಿನಲ್ಲಿ ಎರಡು ಎಸ್‌ಟಿಡಿ ಬೂತುಗಳಿದ್ದವು. ಹೊರಜಗತ್ತಿನ ಮಾತೆಲ್ಲ ಇಪ್ಪತ್ತೆಂಟು ಕಿಲೋಮೀಟರ್ ಆಚೆಯ ಚಿಕ್ಕತೊರೆಯಿಂದ ಒಂದೇ ದಾರಿಯಲ್ಲಿ ಬರಬೇಕಾಗಿತ್ತು. ಆ ದಾರಿಯಲ್ಲಿ ಯಾರ ಮಾತೂ ಯಾರ ಮಾತಿಗೂ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವವನು ತಿಪ್ಪೇಸ್ವಾಮಿ.

ಆತನಿಗೆ ಐವತ್ತೊಂದು ವರ್ಷ. ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರು, ಅದರ ಬೆನ್ನಿಗೆ ಮಡಚಿಟ್ಟ ಒಂದು ಪುಟ್ಟ ಪಂಚಾಂಗ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ರಾಹುಕಾಲದಲ್ಲಿ ಒಂದು ತಂತಿಯನ್ನೂ ಮುಟ್ಟಿದವನಲ್ಲ. ಸಿಡಿಲು ಬಡಿದು ಅರ್ಧ ಊರಿನ ಲೈನು ಸತ್ತರೂ ಸರಿ, ಆ ಒಂದೂವರೆ ಗಂಟೆ ಕಳೆಯುವವರೆಗೆ ಆತ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ. ಊರು ಇದಕ್ಕೆ ಒಗ್ಗಿಹೋಗಿತ್ತು. ಒಗ್ಗದೆ ಉಳಿದವಳು ಹೆಂಡತಿ ಅನಸೂಯ ಒಬ್ಬಳೇ.

ಒಗ್ಗುವುದಾದರೂ ಹೇಗೆ? ಹನ್ನೊಂದು ದಿನದ ಹಿಂದೆ, ಒಂದು ಸೋಮವಾರ, ಚಿಕ್ಕತೊರೆಯಲ್ಲಿ ಅವಳ ತಂಗಿಯ ಮಗಳ ಮದುವೆ. ಒಂಬತ್ತು ನಲವತ್ತಕ್ಕೆ ಧಾರೆ. ಮಕ್ಕಳಿಲ್ಲದ ಅನಸೂಯ ಎತ್ತಿ ಆಡಿಸಿ, ಜಡೆ ಹೆಣೆದು ಬೆಳೆಸಿದ ಹುಡುಗಿ ಅದು. ತಿಪ್ಪೇಸ್ವಾಮಿ ಕನ್ನಡಕ ಹುಡುಕುತ್ತಾ ಏಳು ಗಂಟೆಯ ಬಸ್ಸು ತಪ್ಪಿಸಿದ. ಎಂಟು ಗಂಟೆಯ ಬಸ್ಸು ಮನೆಯ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋಯಿತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲವೆಂದು ಆತ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತ. ಅವರು ಛತ್ರ ಮುಟ್ಟಿದಾಗ ಜನ ಎರಡನೇ ಪಂಕ್ತಿಯ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಸಂಜೆ ಗಂಡ ಬಸ್ಸು ಹತ್ತಿದ, ಅವಳು ಹತ್ತಲಿಲ್ಲ. ಚಿಕ್ಕತೊರೆಯ ಅಣ್ಣನ ಮನೆಯಲ್ಲೇ ಉಳಿದಳು.

ಆವತ್ತಿನಿಂದ ತಿಪ್ಪೇಸ್ವಾಮಿ ದಿನಾ ಸಂಜೆ ಐದಕ್ಕೆ ಸರಿಯಾಗಿ ಅವಳಿಗೆ ಫೋನ್ ಮಾಡುತ್ತಿದ್ದ, ದಿನಾ ಅದೇ ಮಾತು ನಡೆಯುತ್ತಿತ್ತು.

"ಹೂಂ, ಹೇಳಿ. ಊಟ ಆಯ್ತಾ? ಗ್ಯಾಸ್ ಆಫ್ ಮಾಡಿದ್ರಾ? ತುಳಸಿಗೆ ನೀರು ಹಾಕಿದ್ರಾ?"

"ಎಲ್ಲಾ ಆಯ್ತು. ಯಾವಾಗ ಬರ್ತೀಯ?"

"ತಪ್ಪಾಯ್ತು ಅನ್ನಿ, ಬೆಳಗ್ಗೆ ಬಸ್ಸಿಗೆ ಬರ್ತೀನಿ."

"ರಾಹುಕಾಲದಲ್ಲಿ ಹೊರಡಬಾರದು ಅನ್ನೋದು ನಾನು ಮಾಡಿದ ಶಾಸ್ತ್ರವಾ?"

"ಅನ್ನಲ್ವಾ? ಹಾಗಾದ್ರೆ ಇಡ್ತೀನಿ."

ಹತ್ತನೆಯ ದಿನ, ಗುರುವಾರ, ಇಡುವ ಮುಂಚೆ ಅವಳು ಒಂದು ಮಾತು ಸೇರಿಸಿದಳು. ಚಿಕ್ಕತೊರೆ ಬಸ್ ಸ್ಟ್ಯಾಂಡಿನ ಕ್ಯಾಂಟೀನನ್ನು ಮಹಿಳಾ ಸಂಘದವರು ಅವಳಿಗೆ ಒಪ್ಪಿಸುವವರಿದ್ದಾರೆ. ಐದು ವರ್ಷ ಅಲ್ಲೇ ಇದ್ದು ನಡೆಸಬೇಕು. "ಬರೋ ವಾರ ಶುಕ್ರವಾರ ಹನ್ನೊಂದು ಗಂಟೆಗೆ ಕಾಗದಕ್ಕೆ ಸಹಿ ಹಾಕ್ತೀನಿ. ಸರಿಯಾಗಿ ರಾಹುಕಾಲದಲ್ಲಿ. ಬೇಕೂಂತ್ಲೇ ಆ ಹೊತ್ತು ಹೇಳಿದ್ದೀನಿ."

ತಿಪ್ಪೇಸ್ವಾಮಿಗೆ ಹೆದರಿಕೆಯಾಯಿತು. ಐದು ವರ್ಷ ಗ್ಯಾಸ್ ಆಫ್ ಮಾಡಿದೆಯಾ ಎಂದು ಕೇಳುವವರಿಲ್ಲದ ಮನೆಯಲ್ಲಿ ತಾನು ಬದುಕಲಾರೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲೊಲ್ಲದು. ಇನ್ನೂ ಒಂದು ವಾರ ಇದೆಯಲ್ಲ ಎಂದುಕೊಂಡ.

ಮರುದಿನವೇ, ಹನ್ನೊಂದನೆಯ ದಿನದ ಆ ಶುಕ್ರವಾರ, ಎಕ್ಸ್‌ಚೇಂಜಿನಲ್ಲಿ ಹೊಸ ಮಲ್ಟಿಪ್ಲೆಕ್ಸರ್ ಕಾರ್ಡಿನ ಪ್ರತಿಷ್ಠಾಪನೆ.

ಕಾರ್ಡು ನೋಡುವುದಕ್ಕೆ ಒಂದು ಸಣ್ಣ ಮಣೆಯಷ್ಟಿತ್ತು. ಅದರ ಮಹಿಮೆಯನ್ನು ಎಕ್ಸ್‌ಚೇಂಜಿನ ಯುವ ಇಂಜಿನಿಯರ್ ಜಬೀವುಲ್ಲಾ ಒಂದು ತಿಂಗಳ ಹಿಂದೆಯೇ ತಿಪ್ಪೇಸ್ವಾಮಿಗೆ ಬಿಡಿಸಿ ಹೇಳಿದ್ದ.

"ಪಂಕ್ತಿ ಊಟ ಅಂದ್ಕೊಳ್ಳಿ ತಿಪ್ಪೇಸ್ವಾಮಿಯೋರೆ. ಮೂವತ್ತು ಎಲೆ, ಬಡಿಸೋನು ಒಬ್ಬನೇ. ಒಂದೊಂದು ಎಲೆಗೆ ಒಂದೊಂದು ಚಮಚ ಹಾಕ್ಕೊಂಡು ಹೋಗ್ತಾನೆ. ಸೆಕೆಂಡಿಗೆ ಎಂಟು ಸಾವಿರ ಸುತ್ತು. ಮೂವತ್ತು ಜನಾನೂ ನಮಗೇ ಪೂರ್ತಿ ಬಡಿಸ್ತಿದ್ದಾನೆ ಅಂದ್ಕೋತಾರೆ. ಮೂವತ್ತು ಜನರ ಮಾತು ಒಂದೇ ಗಾಜಿನ ಎಳೆಯಲ್ಲಿ ಹೋಗೋದು ಹೀಗೆ."

"ಅದು ಹಳೇ ಕಾರ್ಡಿನಲ್ಲೂ ಇತ್ತಲ್ಲ ಸಾರ್?"

"ಇತ್ತು. ಆದ್ರೆ ದಾರಿಯಲ್ಲಿ ಒಂದು ಚಮಚ ಚೆಲ್ಲಿಹೋದ್ರೆ ಹಳೇದು ಕಿವಿಗೆ ಟಕ್ ಅನ್ನಿಸಿ ಸುಮ್ನಾಗ್ತಿತ್ತು. ಇದು ಹಾಗಲ್ಲ. ಬರಬೇಕಾದ ಹೊತ್ತಿಗೆ ಮಾತು ಬರದಿದ್ರೆ, ಏನು ಬರಬೇಕಿತ್ತು ಅಂತ ತಾನೇ ಊಹಿಸಿ ತುಂಬಿಸುತ್ತೆ. ಅದಕ್ಕೇ ಒಂದು ತಿಂಗಳು ಪಕ್ಕದ ರ್‍ಯಾಕಿನಲ್ಲಿ ಕೂರಿಸಿ ಊರಿನವರ ಮಾತೆಲ್ಲ ಕೇಳಿಸ್ತಿರೋದು. ಯಾರ ದನಿ, ಯಾರ ಧಾಟಿ, ಎಲ್ಲಾ ಕಲಿಯುತ್ತೆ."

ಊಹೆ ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಮಾತ್ರ ಬೇಕಾಗುತ್ತದೆ ಎಂದು ತಯಾರಿಸಿದವರು ನಂಬಿದ್ದರು. ಅವರು ಮರಡಿಪುರ ನೋಡಿದವರಲ್ಲ.

ಪ್ರತಿಷ್ಠಾಪನೆಗೆ ಜಿಲ್ಲಾ ಕೇಂದ್ರದಿಂದ ವಿಭಾಗದ ಹಿರಿಯ ಇಂಜಿನಿಯರ್ ಚಂದ್ರಚೂಡಯ್ಯನವರೇ ಬರುವುದಾಗಿತ್ತು. ತಿಪ್ಪೇಸ್ವಾಮಿ ಪಂಚಾಂಗ ನೋಡಿ ಹತ್ತು ಗಂಟೆಗೆ ಮುಹೂರ್ತ ಇಟ್ಟಿದ್ದ. ರ್‍ಯಾಕಿಗೆ ಚೆಂಡುಹೂವಿನ ಹಾರ, ನೆಲದ ಮೇಲೆ ರಂಗೋಲಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ತೆಂಗಿನಕಾಯಿ, ಚಿತ್ರಾನ್ನದ ಪಾತ್ರೆ ಎಲ್ಲ ಸಿದ್ಧ. ಸಾಹೇಬರ ಜೀಪು ಬಂದು ನಿಂತಾಗ ಹತ್ತು ಮೂವತ್ತೈದು. ರಾಹುಕಾಲ ಶುರುವಾಗಿ ಐದು ನಿಮಿಷ.

ಸಾಹೇಬರೂ ರಾಹುಕಾಲ ನಂಬುವವರೇ. ಆದ್ದರಿಂದ ಎಲ್ಲರೂ ಚಿತ್ರಾನ್ನ ತಿಂದರು. ಆಮೇಲೆ ಸುಮ್ಮನೆ ಕೂತರು. ಹನ್ನೊಂದು ನಲವತ್ತಕ್ಕೆ ಸಾಹೇಬರು ಚಡಪಡಿಸತೊಡಗಿದರು.

"ನೋಡ್ರಿ, ನಾನು ಹನ್ನೆರಡಕ್ಕೆ ಮುಂಚೆ ಇಲ್ಲಿಂದ ಏಳಬೇಕು. ಷಡ್ಡಕನ ಮನೇಲಿ ಊಟ. ನನಗೆ ಶುಗರ್ ಬೇರೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನದೇ ಇದ್ರೆ ಆಗಲ್ಲ. ಒಬ್ಬಟ್ಟು ಮಾಡಿಸಿದ್ದಾರೆ."

ಆಗ ತಿಪ್ಪೇಸ್ವಾಮಿಯ ತಲೆಯಲ್ಲಿ ಆ ಅದ್ಭುತ ಹೊಳೆಯಿತು.

"ಸಾರ್, ಇವತ್ತು ಶುಭಕಾರ್ಯ ಆಗ್ತಿರೋದು ಯಾರಿಗೆ? ಕಾರ್ಡಿಗೆ. ಕಾರ್ಡು ನೋಡೋದು ಯಾವ ಗಡಿಯಾರ? ತನ್ನೊಳಗಿನ ಗಡಿಯಾರ. ಅದರಲ್ಲಿ ಹನ್ನೆರಡು ದಾಟಿದ್ರೆ ಅದಕ್ಕೆ ರಾಹುಕಾಲ ಮುಗಿದ ಹಾಗೇ ಅಲ್ವಾ?"

ಸಾಹೇಬರು ತಿಪ್ಪೇಸ್ವಾಮಿಯನ್ನು ನೋಡಿದ ನೋಟದಲ್ಲಿ ಭಕ್ತಿಯಿತ್ತು.

ಜಬೀವುಲ್ಲಾ ಮಾತ್ರ ತಲೆ ಕೆರೆದುಕೊಂಡ. "ಸಾರ್, ಎರಡೂ ಕಡೆ ಗಡಿಯಾರ ಒಂದೇ ಇರ್ಬೇಕು. ಅದಕ್ಕೇ ಈ ಕಾರ್ಡು ಚಿಕ್ಕತೊರೆಯ ಗಡಿಯಾರ ನೋಡ್ಕೊಂಡು ನಡೀಬೇಕು ಅಂತ ಸೆಟ್ ಮಾಡೋದು. ನಾವು ಮುಂದೆ ತಿರುಗಿಸಬೇಕು ಅಂದ್ರೆ ಆ ಸಂಬಂಧ ಕಡಿದು, ನಿನ್ನ ಗಡಿಯಾರ ನಿನಗೆ ಅಂತ ಬಿಡಬೇಕಾಗುತ್ತೆ."

"ಐದು ನಿಮಿಷಕ್ಕೆ ತಾನೆ ಸಾರ್. ಸಾಹೇಬ್ರು ಜೀಪು ಹತ್ತಿದ ತಕ್ಷಣ ನಾನೇ ಎಲ್ಲಾ ಹಿಂದಕ್ಕೆ ತಿರುಗಿಸ್ತೀನಿ," ಎಂದ ತಿಪ್ಪೇಸ್ವಾಮಿ.

ಹಾಗೇ ಆಯಿತು. ಹನ್ನೊಂದು ನಲವತ್ತಾರಕ್ಕೆ ಕಾರ್ಡಿನ ಗಡಿಯಾರವನ್ನು ಹನ್ನೆರಡು ನಾಲ್ಕು ಮಾಡಿದರು. ಸಾಹೇಬರ ಮನಸ್ಸಮಾಧಾನಕ್ಕೆ ಗೋಡೆ ಗಡಿಯಾರದ ಮುಳ್ಳನ್ನೂ ತಿರುಗಿಸಿದರು. ತಿಪ್ಪೇಸ್ವಾಮಿ ಮೈಯ ಕರೆಂಟು ಕಾರ್ಡಿಗೆ ತಗಲದಂತೆ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು, ಕಾರ್ಡನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿ, ರ್‍ಯಾಕಿನ ಸೀಳಿಗೆ ಇಟ್ಟು ಒತ್ತಿದ. ಅಂಚಿನ ಕೊಕ್ಕೆಯಂಥ ಎರಡೂ ಕಿವಿಗಳು ಟಕ್ಕೆಂದು ಕಚ್ಚಿಕೊಂಡವು. ಜಬೀವುಲ್ಲಾ ಕಂಪ್ಯೂಟರ್ ಟರ್ಮಿನಲ್ಲಿನ ಮುಂದೆ ಕೂತು ಚಿಕ್ಕತೊರೆ ದಾರಿಯ ಮೂವತ್ತು ಲೈನುಗಳಿಗೆ ಮೂವತ್ತು ಸ್ಥಾನ ಬರೆದ. ಕೆಂಪು ದೀಪ ಹೋಯಿತು, ಹಳದಿ ಹೋಯಿತು, ಹಸಿರು ಬಂತು. ಸಾಹೇಬರು ಕಾಯಿ ಒಡೆದು ಒಬ್ಬಟ್ಟಿನ ಕಡೆಗೆ ಓಡಿದರು.

ತಿಪ್ಪೇಸ್ವಾಮಿ ಮಾತಿಗೆ ತಪ್ಪುವವನಲ್ಲ. ಜೀಪು ಗೇಟು ದಾಟಿದ್ದೇ ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಹದಿನೆಂಟು ನಿಮಿಷ ಹಿಂದಕ್ಕೆ ತಿರುಗಿಸಿದ. ಎಲ್ಲಾ ಸರಿಹೋಯಿತು ಎಂದು ಕೈ ಒರೆಸಿಕೊಂಡ. ಗಡಿಯಾರ ಎಂದರೆ ಆತನ ಮಟ್ಟಿಗೆ ಗೋಡೆಯ ಮೇಲಿರುವುದು. ಕಾರ್ಡಿನೊಳಗಿನದು ನೆನಪಿಗೇ ಬರಲಿಲ್ಲ, ಹಸಿರು ದೀಪ ನೋಡಿದ ಜಬೀವುಲ್ಲಾನೂ ಕೇಳಲಿಲ್ಲ.

ಕಾರ್ಡಿನ ದೃಷ್ಟಿಯಿಂದ ನೋಡಿದರೆ ಪರಿಸ್ಥಿತಿ ಘೋರವಾಗಿತ್ತು. ತನ್ನ ಗಡಿಯಾರದ ಪ್ರಕಾರ ಚಿಕ್ಕತೊರೆಯಿಂದ ಬರಬೇಕಾದ ಮಾತೆಲ್ಲ ಹದಿನೆಂಟು ನಿಮಿಷ ತಡ. ಅಂದರೆ ಚೆಲ್ಲಿಹೋಗಿದೆ. ಪೂರ್ತಿ ಚೆಲ್ಲಿಹೋಗಿದೆ. ಚೆಲ್ಲಿದ್ದನ್ನು ತುಂಬಿಸುವುದೇ ತನ್ನ ಕರ್ತವ್ಯ ಎಂದು ಕಲಿತಿದ್ದ ಅದು ನಿಷ್ಠೆಯಿಂದ ತುಂಬಿಸತೊಡಗಿತು.

ಆ ದಿನ ಸಂಜೆ ಐದಕ್ಕೆ ತಿಪ್ಪೇಸ್ವಾಮಿ ಫೋನ್ ಹಚ್ಚಿದ.

"ಹೂಂ, ಹೇಳಿ. ಊಟ ಆಯ್ತಾ? ಗ್ಯಾಸ್ ಆಫ್ ಮಾಡಿದ್ರಾ? ತುಳಸಿಗೆ ನೀರು ಹಾಕಿದ್ರಾ? ತಪ್ಪಾಯ್ತು ಅನ್ನಿ, ಬೆಳಗ್ಗೆ ಬಸ್ಸಿಗೆ ಬರ್ತೀನಿ."

ಎಲ್ಲಾ ಒಂದೇ ಉಸಿರಿಗೆ. ಆತ ಇನ್ನೂ ಹಲೋ ಅಂದಿರಲಿಲ್ಲ. ಇವಳಿಗೆ ಇಷ್ಟು ಆತುರವೇ ಎಂದು ಸಿಟ್ಟು ಬಂತು. "ಅದು ನಾನು ಮಾಡಿದ ಶಾಸ್ತ್ರವಾ?" ಎಂದು ಕುಕ್ಕಿದ.

ಮರಡಿಪುರದವರಿಗೆ ಎರಡು ದಿನ ಗಲಿಬಿಲಿಯಾಯಿತು. ಆಮೇಲೆ ಒಗ್ಗಿತು, ಆಮೇಲೆ ಹಿತವೆನಿಸಿತು. ಫೋನ್ ಎತ್ತಿದರೆ ಸಾಕು, ಆ ಕಡೆಯವರು ಏನು ಹೇಳುತ್ತಾರೋ ಅದನ್ನು ಕೇಳುವ ಮೊದಲೇ ಹೇಳಿ ಮುಗಿಸುತ್ತಿದ್ದರು. ಅಕ್ಕಿ ಗಿರಣಿಯ ವೀರಭದ್ರಪ್ಪ ಭತ್ತ ಬಿಡಿಸುವ ಹಲ್ಲರ್‌ನ ಬೆಲ್ಟು ಕಳಿಸಿದಿರಾ ಎಂದು ಕೇಳಲು ಬಾಯಿ ತೆರೆದರೆ, ಬಾಯಿ ಪೂರ್ತಿ ತೆರೆಯುವ ಮೊದಲೇ "ನಾಳೆ ಗ್ಯಾರಂಟಿ ಸಾವ್ಕಾರ್ರೇ" ಎಂಬ ಉತ್ತರ ಬರುತ್ತಿತ್ತು. ಎಂಟು ವರ್ಷದಿಂದಲೂ ಅದೇ ಉತ್ತರವಾದ್ದರಿಂದ ಆತನಿಗೆ ಯಾವ ಅನುಮಾನವೂ ಬರಲಿಲ್ಲ. ಕೆಲವು ಗೃಹಿಣಿಯರು ಅತ್ತೆಯ ಫೋನ್ ಬಂದಾಗ ರಿಸೀವರನ್ನು ದಿಂಬಿನ ಮೇಲೆ ಮಲಗಿಸಿ, ಸಾರಿಗೆ ಒಗ್ಗರಣೆ ಹಾಕಿ ಬಂದು, ಕೊನೆಯ "ಇಡ್ತೀನಮ್ಮಾ" ಎಂಬುದಕ್ಕೆ ಮಾತ್ರ ಹೂಂ ಅನ್ನತೊಡಗಿದರು.

ತೀರಾ ಖುಷಿಯಾದವರು ಸಾಹೇಬರು. ಅವರ ಫೋನ್ ಜಿಲ್ಲಾ ಕೇಂದ್ರದಿಂದ ಚಿಕ್ಕತೊರೆ ದಾಟಿಯೇ ಬರಬೇಕು. ಸೋಮವಾರ ಜಬೀವುಲ್ಲಾ ಫೋನ್ ಎತ್ತಿದ್ದೇ ಸಾಹೇಬರ ದನಿ ಎಂದಿನಂತೆ ಬೈಯತೊಡಗಿತು. ಆತ ಎಂದಿನಂತೆ "ಆಯ್ತು ಸಾರ್, ತಪ್ಪಾಯ್ತು ಸಾರ್, ಇವತ್ತೇ ಕಳಿಸ್ತೀನಿ ಸಾರ್" ಎಂದು ಹೇಳುತ್ತಾ ಹೋದ. ಆ ಕಡೆ ನಿಜವಾದ ಸಾಹೇಬರು ಇನ್ನೂ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತಾವು ಬಾಯಿ ಬಿಡುವ ಮೊದಲೇ ತಪ್ಪು ಒಪ್ಪಿಕೊಳ್ಳುವ ಇಂಜಿನಿಯರನ್ನು ಅವರು ಇಡೀ ಸರ್ವಿಸಿನಲ್ಲೇ ಕಂಡಿರಲಿಲ್ಲ. ಕಾರ್ಡು ಬಹಳ ಚೆನ್ನಾಗಿದೆ ಎಂದು ಮೇಲಿನವರಿಗೆ ಪತ್ರ ಬರೆದರು.

ಬುಧವಾರ ಸಂಜೆ ತಿಪ್ಪೇಸ್ವಾಮಿ ದೊಡ್ಡ ಮನಸ್ಸು ಮಾಡಿದ. ಉಪ್ಪು ಮರೆತ ಉಪ್ಪಿಟ್ಟನ್ನು ಮೂರನೇ ದಿನವೂ ತಿಂದ ಮೇಲೆ ಆತನ ಹಠ ಸ್ವಲ್ಪ ಸಡಿಲವಾಗಿತ್ತು. ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ತಪ್ಪಾಯ್ತು ಎಂದು ಹೇಳಿ ನೋಡಿಕೊಂಡ. ಐದಕ್ಕೆ ಫೋನ್ ಹಚ್ಚಿದ.

"ಅನಸೂಯ, ನಾನು..."

"ಅನ್ನಲ್ವಾ? ಹಾಗಾದ್ರೆ ಇಡ್ತೀನಿ."

ಆತ ರಿಸೀವರನ್ನು ನೋಡುತ್ತಾ ಕೂತ. ಹೇಳಲು ಹೊರಟ ಮಾತಿಗೂ ಜಾಗ ಕೊಡದವಳ ಹತ್ತಿರ ಇನ್ನೇನು ಮಾತು ಎಂದು ಕಣ್ಣಲ್ಲಿ ನೀರು ಬಂತು. ಗುರುವಾರ ಫೋನ್ ಮಾಡಲೇ ಇಲ್ಲ.

ಶುಕ್ರವಾರ ಬೆಳಗ್ಗೆ ಹತ್ತು ಇಪ್ಪತ್ತು. ಅನಸೂಯ ಸಹಿ ಹಾಕುವುದಕ್ಕೆ ನಲವತ್ತು ನಿಮಿಷವಿತ್ತು. ತಿಪ್ಪೇಸ್ವಾಮಿ ರ್‍ಯಾಕಿನ ಧೂಳು ಒರೆಸಿದ್ದನ್ನೇ ಒರೆಸುತ್ತಿದ್ದ. ಆಗ ಎಕ್ಸ್‌ಚೇಂಜಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಿರುಗಾಳಿಯಂತೆ ಬಂದು ನಿಂತಳು. ಕೈಯಲ್ಲಿ ಪೇಡೆಯ ಡಬ್ಬ.

"ಇಲ್ಲಿ ಫೋನಿಗೆ ಯಾರ್ರೀ ಯಜಮಾನ್ರು?"

ಆಕೆ ಚಿಕ್ಕತೊರೆಯ ಸಿದ್ಧಗಂಗಮ್ಮ. ತಂಗಿಯನ್ನು ಮರಡಿಪುರಕ್ಕೆ ಕೊಟ್ಟಿದ್ದರು.

"ಮೂರು ದಿನದಿಂದ ನನ್ನ ತಂಗಿಗೆ ಫೋನ್ ಮಾಡಿ, ನನಗೆ ಮೊಮ್ಮಗ ಹುಟ್ಟಿದ ಕಣೇ ಅಂತ ಗಂಟ್ಲು ಹರ್ಕೊಂಡಿದ್ದೀನಿ. ಅವಳು ಮಂಡಿಗೆ ಎಣ್ಣೆ ಹಚ್ಚಕ್ಕಾ, ಬಿಸಿ ಮಾಡ್ಕೊಂಡು ಹಚ್ಚಕ್ಕಾ ಅಂತಾಳೆ! ಬಸ್ಸು ಹತ್ಕೊಂಡು ಬಂದು ಜಗಳ ಆಡಿದ್ರೆ, ನೀನು ಮಂಡಿನೋವು ಬಿಟ್ಟು ಬೇರೇನೂ ಹೇಳ್ಲೇ ಇಲ್ಲ ಅಂತ ಮಕ್ಕಳ ಮೇಲೆ ಆಣೆ ಇಡ್ತಾಳೆ. ಏನ್ರೀ ಇದು?"

ಜಬೀವುಲ್ಲಾ ಕುರ್ಚಿಯಿಂದ ಎದ್ದ. ಆಕೆಯ ತಂಗಿಯ ಲೈನಿಗೆ ಕಾರ್ಡಿನ ಆಚೆ, ಚಿಕ್ಕತೊರೆಯ ಕಡೆಗೆ, ಒಂದು ಟೆಸ್ಟ್ ಫೋನು, ಈಚೆ ಒಂದು ಟೆಸ್ಟ್ ಫೋನು ಸಿಕ್ಕಿಸಿ, ಚಿಕ್ಕತೊರೆಯ ಸಿದ್ಧಗಂಗಮ್ಮನ ಮನೆಯಿಂದ ಕರೆ ಮಾಡಿಸಿದ. ಸೊಸೆ ಫೋನ್ ಹಿಡಿದಳು. ಆಚೆಯ ಫೋನಿನಲ್ಲಿ ಕೂಸು ಅಳುತ್ತಿತ್ತು. ಈಚೆಯ ಫೋನಿನಲ್ಲಿ ಸಿದ್ಧಗಂಗಮ್ಮನ ದನಿ "ಅಯ್ಯೋ ಈ ಮಂಡಿ ನೋಡವ್ವ, ಮೆಟ್ಲು ಹತ್ತಕ್ಕಾಗಲ್ಲ" ಎನ್ನುತ್ತಿತ್ತು. ಸಿದ್ಧಗಂಗಮ್ಮ ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಅದು ನಾನೇ!" ಎಂದಳು ಬೆವರುತ್ತಾ. "ಆದ್ರೆ ನಾನಲ್ಲ!"

ಜಬೀವುಲ್ಲಾ ಟರ್ಮಿನಲ್ಲಿನಲ್ಲಿ ಕಾರ್ಡಿನ ಗಡಿಯಾರ ತೆರೆದ. ಹತ್ತು ಐವತ್ತೆಂಟು. ಗೋಡೆಯ ಮೇಲೆ ಹತ್ತು ನಲವತ್ತು. ಆತ ನಿಧಾನವಾಗಿ ತಿಪ್ಪೇಸ್ವಾಮಿಯ ಕಡೆ ತಿರುಗಿದ.

"ಹಿಂದಕ್ಕೆ ತಿರುಗಿಸ್ತೀನಿ ಅಂದಿದ್ರಿ."

"ತಿರುಗಿಸಿದ್ನಲ್ಲ ಸಾರ್!" ಎಂದು ತಿಪ್ಪೇಸ್ವಾಮಿ ಗೋಡೆಯತ್ತ ಕೈ ತೋರಿಸಿದ. ತೋರಿಸಿದ ಕೈ ಅಲ್ಲೇ ನಿಂತಿತು.

"ಒಂದು ವಾರದಿಂದ ಚಿಕ್ಕತೊರೆಯ ಒಂದು ನಿಜವಾದ ಮಾತೂ ಈ ಊರಿಗೆ ಬಂದಿಲ್ಲ," ಎಂದ ಜಬೀವುಲ್ಲಾ. "ಎಲ್ಲಾ ಕಾರ್ಡಿನ ಊಹೆ. ಹಳೇದನ್ನೇ ತಿರುಗಿಸಿ ತಿರುಗಿಸಿ ಹೇಳ್ತಿದೆ. ಯಾರಾದ್ರೂ ಹೊಸದಾಗಿ ಏನಾದ್ರೂ ಅಂದಿದ್ರೆ ಅದಕ್ಕೆ ಗೊತ್ತೇ ಆಗಿರಲ್ಲ."

ತಿಪ್ಪೇಸ್ವಾಮಿ ಧೂಳು ಒರೆಸುವ ಬಟ್ಟೆ ಕೆಳಗಿಟ್ಟ. ಹಾಗಾದರೆ ಒಂದು ವಾರದಿಂದ ಅನಸೂಯ ಏನು ಹೇಳುತ್ತಿದ್ದಳು?

ಸಾಹೇಬರ ಅಪ್ಪಣೆಯಿಲ್ಲದೆ ಕಾರ್ಡು ನಿಲ್ಲಿಸುವಂತಿರಲಿಲ್ಲ. ಜಬೀವುಲ್ಲಾ ಅವರಿಗೆ ಫೋನ್ ಮಾಡಿದ. "ಕಾಗದ ಹಾಕ್ರಿ, ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದಿತು ಸಾಹೇಬರ ದನಿ. ಅದು ಸಾಹೇಬರೋ ಕಾರ್ಡೋ ತಿಳಿಯುವ ಉಪಾಯ ಯಾವುದೂ ಇರಲಿಲ್ಲ.

"ಹೇಗೂ ರಾಹುಕಾಲ," ಎಂದ ಜಬೀವುಲ್ಲಾ ಓರೆಗಣ್ಣಲ್ಲಿ ನೋಡುತ್ತಾ. "ಹನ್ನೆರಡಾದ್ಮೇಲೆ ಕೈ ಹಾಕೋಣ ಅಲ್ವಾ?"

ತಿಪ್ಪೇಸ್ವಾಮಿ ಜೇಬು ಮುಟ್ಟಿಕೊಂಡ. ಪಂಚಾಂಗ ಅಲ್ಲೇ ಇತ್ತು. ಮದುವೆಯ ಆ ಸೋಮವಾರ ಬೆಳಗ್ಗೆ ಬಾಗಿಲಿಗೆ ಅಡ್ಡ ಹಾಕಿದ್ದ ಕುರ್ಚಿ ಕಣ್ಣ ಮುಂದೆ ಬಂತು. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಮಲ್ಲಿಗೆ ಹಿಡಿದು, ಹೋಗಿಬಿಟ್ಟ ಬಸ್ಸಿನ ಧೂಳು ನೋಡುತ್ತಾ ನಿಂತಿದ್ದ ಅನಸೂಯ ಕಂಡಳು. ಆತ ಏನೂ ಹೇಳದೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ. ಸರ್ವಿಸಿನಲ್ಲೇ ಮೊದಲ ಸಲ, ಯಾವ ಗಡಿಯಾರವನ್ನೂ ತಿರುಗಿಸದೆ, ಪಕ್ಕಾ ರಾಹುಕಾಲದಲ್ಲಿ, ರ್‍ಯಾಕಿಗೆ ಕೈ ಹಾಕಿದ. ಕಾರ್ಡಿನ ಎರಡು ಕಿವಿ ಬಿಡಿಸಿ ಎಳೆದ. ಚಿಕ್ಕತೊರೆ ದಾರಿಯ ಮೂವತ್ತು ಲೈನುಗಳೂ ಒಟ್ಟಿಗೆ ಸತ್ತವು. ಮತ್ತೆ ಒತ್ತಿದ. ಜಬೀವುಲ್ಲಾ ಗಡಿಯಾರವನ್ನು ಚಿಕ್ಕತೊರೆಯದಕ್ಕೆ ಕಟ್ಟಿಹಾಕಿ, ಮೂವತ್ತು ಸ್ಥಾನಗಳನ್ನು ಇನ್ನೊಂದು ಸಲ ಬರೆದ.

ಕೆಂಪು ಹೋಗಲು ಮೂರು ನಿಮಿಷ ಹಿಡಿಯಿತು. ಹಳದಿ ಇನ್ನೊಂದು ಮೂರು ನಿಮಿಷ. ಹಸಿರು ಬಂದಾಗ ಹತ್ತು ಐವತ್ತು. ತಿಪ್ಪೇಸ್ವಾಮಿ ಟೆಸ್ಟ್ ಫೋನಿನಿಂದಲೇ ಚಿಕ್ಕತೊರೆಗೆ ಹಚ್ಚಿದ.

ಗಂಟೆ ಆರು ಸಲ ಹೊಡೆದ ಮೇಲೆ ಯಾರೋ ಎತ್ತಿದರು. ಎತ್ತಿ ಸುಮ್ಮನಿದ್ದರು. ಆ ಮೌನ ಕೇಳಿಯೇ ಆತನಿಗೆ ಇದು ಅವಳೇ ಎಂದು ಖಾತ್ರಿಯಾಯಿತು. ಕಾರ್ಡಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ.

"ಅನಸೂಯ?"

"ಚಪ್ಪಲಿ ಮೆಟ್ಟಿದ್ದೀನಿ. ಏನು ಬೇಗ ಹೇಳಿ."

"ಈ ವಾರವೆಲ್ಲ ನೀನು ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿಲ್ಲ. ಏನು ಹೇಳ್ದೆ?"

"ಕೇಳಿಸಿಲ್ವಾ? ಹೋದ ಶುಕ್ರವಾರ, ತಪ್ಪಾಯ್ತು ಅನ್ನೋದೂ ಬೇಡ, ಒಂದು ಸಲ ಬಂದು ಕರ್ಕೊಂಡು ಹೋಗಿ ಸಾಕು ಅಂದೆ. ಅದು ನಾನು ಮಾಡಿದ ಶಾಸ್ತ್ರವಾ ಅಂತ ಕುಕ್ಕಿದ್ರಿ. ಶನಿವಾರಾನೂ ಅದನ್ನೇ ಅಂದೆ, ಭಾನುವಾರಾನೂ ಅಂದೆ. ಬುಧವಾರ ನನ್ನ ಹೆಸರು ಕರೆದು ಸುಮ್ಮನಾಗಿಬಿಟ್ರಿ. ಇನ್ನೆಷ್ಟು ಸಲ ಹೇಳ್ಬೇಕಿತ್ತು?"

ತಿಪ್ಪೇಸ್ವಾಮಿ ಎಲ್ಲವನ್ನೂ ಹೇಳಿದ. ಕಾರ್ಡು, ಊಹೆ, ಗಡಿಯಾರ. ಯಾಕೆ ಗಡಿಯಾರ ತಿರುಗಿಸಿದ್ದು ಎಂಬುದನ್ನು ನುಂಗಿಬಿಡಬಹುದಿತ್ತು, ನುಂಗಲಿಲ್ಲ.

"ಸಾಹೇಬ್ರ ಒಬ್ಬಟ್ಟು ಆರಿಹೋಗುತ್ತೆ ಅಂತ ರಾಹುಕಾಲವನ್ನೇ ಪಕ್ಕಕ್ಕೆ ಸರಿಸಿದ್ರಿ," ಎಂದಳು ಅನಸೂಯ. ದನಿ ಏರಲಿಲ್ಲ. "ನಾನು ಸಾಕಿದ ಹುಡುಗಿ ಧಾರೆಗೆ ಮಾತ್ರ ಸರಿಸೋಕೆ ಆಗ್ಲಿಲ್ಲ. ನಮ್ಮ ಮನೇಲೂ ಒಂದು ಗಡಿಯಾರ ಇತ್ತಲ್ರೀ."

ತಿಪ್ಪೇಸ್ವಾಮಿ ಫೋನನ್ನು ಕಿವಿಗೆ ಒತ್ತಿಕೊಂಡ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಇವಳು ಇದನ್ನೇ ಹೇಳುತ್ತಾಳೆ ಎಂದು ಪೇಪರಿನ ಹಿಂದಿನಿಂದ ಹೂಂಗುಟ್ಟಿಕೊಂಡು ಬಂದವನು ತಾನು. ಕಾರ್ಡು ಅದನ್ನೇ ಒಂದು ವಾರ ಮಾತ್ರ ಮಾಡಿತ್ತು. ಆತನಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಅನಸೂಯ," ಎಂದ. "ಬಹಳ ದೊಡ್ಡ ತಪ್ಪಾಯ್ತು."

"ಈಗ ಗಂಟೆ ಎಷ್ಟು?"

"ಹತ್ತು ಐವತ್ತೈದು."

"ರಾಹುಕಾಲದಲ್ಲಿ ಆಡಿದ ಮಾತು ನಿಲ್ಲಲ್ಲ ಅಂತ ನೀವೇ ಹೇಳ್ತಿದ್ರಿ," ಎಂದು ಅವಳು ಫೋನ್ ಇಟ್ಟಳು.

ಜಬೀವುಲ್ಲಾನೂ ಸಿದ್ಧಗಂಗಮ್ಮನೂ ಗೋಡೆ ನೋಡುತ್ತಾ ನಿಂತಿದ್ದರು. ಕೊನೆಗೆ ಸಿದ್ಧಗಂಗಮ್ಮನೇ ಡಬ್ಬ ತೆರೆದು ತಿಪ್ಪೇಸ್ವಾಮಿಯ ಕೈಗೆ ಒಂದು ಪೇಡೆ ಇಟ್ಟಳು. "ಚಿಕ್ಕತೊರೆ ಬಸ್ಸು ಹನ್ನೊಂದು ಐದಕ್ಕೆ ಐತೆ ಕಣಣ್ಣ. ಓಡು."

ತಿಪ್ಪೇಸ್ವಾಮಿ ಓಡಿದ. ಮಣಿಕಟ್ಟಿನ ಪಟ್ಟಿ ಬಿಚ್ಚುವುದೂ ಮರೆತಿತ್ತು, ಅದರ ತಂತಿ ಹಿಂದೆ ಬಾಲದಂತೆ ಎಳೆದುಕೊಂಡು ಬರುತ್ತಿತ್ತು. ರಾಹುಕಾಲದಲ್ಲಿ ತಿಪ್ಪೇಸ್ವಾಮಿ ಬಸ್ಸು ಹತ್ತಿದ್ದನ್ನು ಕಂಡ ಟೀ ಅಂಗಡಿಯವನು ಯಾರೋ ತೀರಿಕೊಂಡಿರಬೇಕೆಂದು ತಿಳಿದು ಎದ್ದು ನಿಂತ.

ಒಂದು ಗಂಟೆಯ ದಾರಿ. ಕಿಟಕಿಯ ಪಕ್ಕ ಕೂತು ಆತ ತಾನೇ ಕಾರ್ಡಾದ. ಹೋದ ಕೂಡಲೇ ಅವಳು ಇದನ್ನು ಹೇಳುತ್ತಾಳೆ, ತಾನು ಅದನ್ನು ಹೇಳಬೇಕು, ಆಗ ಅವಳು ಸಹಿ ಹಾಕಿದ ಕಾಗದ ಮುಖಕ್ಕೆ ಹಿಡಿಯುತ್ತಾಳೆ ಎಂದೆಲ್ಲ ತುಂಬಿಸುತ್ತಾ ಹೋದ. ಎಲ್ಲ ಊಹೆಯ ಕೊನೆಯಲ್ಲೂ ಐದು ವರ್ಷವೇ ನಿಂತಿರುತ್ತಿತ್ತು. ಬಸ್ಸು ಚಿಕ್ಕತೊರೆ ಮುಟ್ಟಿದಾಗ ಹನ್ನೆರಡು ಹತ್ತು.

ಮಹಿಳಾ ಸಂಘದ ಆಫೀಸು ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಕೋಣೆ. ತಿಪ್ಪೇಸ್ವಾಮಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಮೇಜಿನ ಆಚೆ ಸಂಘದ ಕಾರ್ಯದರ್ಶಿ ಹಾಲಮ್ಮ ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ಈಚೆ ಅನಸೂಯ, ಮಡಿಲಲ್ಲಿ ಬಟ್ಟೆಯ ಚೀಲ. ಮೇಜಿನ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು. ಸಹಿಯ ಜಾಗ ಖಾಲಿ.

"ನೀವೇನಾ ಇವರ ಯಜಮಾನ್ರು?" ಎಂದಳು ಹಾಲಮ್ಮ ಬೇಸತ್ತು. "ಹನ್ನೊಂದಕ್ಕೆ ಸರಿಯಾಗಿ ಹಾಕ್ತೀನಿ, ಒಂದು ನಿಮಿಷ ಹಿಂದೆ ಮುಂದೆ ಆಗಲ್ಲ ಅಂತ ಹಠ ಹಿಡ್ಕೊಂಡು ಕೂತಿದ್ದಾರೆ. ಆ ಹನ್ನೊಂದು ಬರ್ತಾನೇ ಇಲ್ಲ! ನನಗೆ ಹಸಿವಾಗಿ ಪ್ರಾಣ ಹೋಗ್ತಿದೆ."

ತಿಪ್ಪೇಸ್ವಾಮಿ ತಲೆಯೆತ್ತಿದ. ಗೋಡೆಯ ಮೇಲಿನ ಗಡಿಯಾರದಲ್ಲಿ ಹತ್ತು ಐವತ್ತೊಂಬತ್ತು. ಮುಳ್ಳು ಅಲುಗಾಡುತ್ತಿರಲಿಲ್ಲ.

ಅನಸೂಯ ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿ ಗಡಿಯಾರದ ಸೆಲ್ಲು ಇತ್ತು. ಅಷ್ಟು ಹೊತ್ತು ಹಿಡಿದು ಹಿಡಿದು ಬೆವರಾಗಿತ್ತು.

"ಸಾಹೇಬ್ರಿಗೊಂದು ಸಲ ಆದ್ಮೇಲೆ, ನನಗೂ ಒಂದು ಸಲ ಬೇಡ್ವಾ?" ಎಂದಳು. ಹೇಳುತ್ತಾ ನಗಲು ಹೋದಳು, ಅಳುವೇ ಬಂತು.

ತಿಪ್ಪೇಸ್ವಾಮಿ ಸೆಲ್ಲು ತೆಗೆದುಕೊಂಡು, ಸ್ಟೂಲು ಹತ್ತಿ, ಗಡಿಯಾರಕ್ಕೆ ಹಾಕಿದ. ಮುಳ್ಳು ಟಿಕ್ ಎಂದು ನಡೆಯತೊಡಗಿತು. ಹತ್ತು ಐವತ್ತೊಂಬತ್ತರಿಂದ. ಆ ಗಡಿಯಾರದ ಪ್ರಕಾರ ರಾಹುಕಾಲ ಮುಗಿಯಲು ಇನ್ನೂ ಒಂದು ಗಂಟೆ ಒಂದು ನಿಮಿಷವಿತ್ತು. ಮುಳ್ಳನ್ನು ಸರಿಮಾಡಲು ಆತನ ಬೆರಳು ಮೇಲಕ್ಕೆ ಹೋಯಿತು, ಅರ್ಧದಲ್ಲೇ ನಿಂತಿತು. ಹಾಗೇ ಬಿಟ್ಟು ಸ್ಟೂಲಿನಿಂದ ಇಳಿದ.

ಅನಸೂಯಳ ಮಡಿಲಿನಿಂದ ಬಟ್ಟೆಯ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ.

"ನಡಿ," ಎಂದ. "ಹೊರಡೋಣ."